ಮಗುವಿಗೆ ಜೇನು ಕಚ್ಚಿತೇ? ಅಂಗಿ ಎತ್ತಿ ನೋಡಿ

ಶಿರಸಿ ಕಡೆಯ ತೋಟದ ಮನೆಗಳಲ್ಲಿ ಹುಳ ಕಚ್ಚುವುದು ಹೊಸದೇನಲ್ಲ. ಅಡಿಕೆ ಮರದ ಬುಡದಲ್ಲಿ ತುಡುವೆ ಜೇನಿನ ಪೆಟ್ಟಿಗೆ, ಮಾಡಿನ ಸಂದಿಯಲ್ಲಿ ಕಣಜದ ಗೂಡು. ಹಾಗಾಗಿ ಅದು ದೊಡ್ಡ ವಿಷಯ ಅಂತ ನಮಗೆ ಅನಿಸುವುದೇ ಇಲ್ಲ. ತಂಗಿಯ ಮಗನಿಗೆ ಕಚ್ಚುವವರೆಗೆ ನನಗೂ ಅನಿಸಿರಲಿಲ್ಲ.

ಅವನಿಗೆ ಆಗ ಮೂರು ವರ್ಷ. ಜೇನು ಕಚ್ಚಿದ್ದು ಪಾದಕ್ಕೆ. ನಾವೆಲ್ಲ ಪಾದವನ್ನೇ ನೋಡುತ್ತಾ ಕೂತಿದ್ದೆವು, ಅಲ್ಲಿ ಊತ ಅಷ್ಟೇನೂ ಇರಲಿಲ್ಲ. ಮಗು ಹೊಟ್ಟೆ ಕೆರೆದುಕೊಳ್ಳುತ್ತಿದ್ದುದನ್ನು ಕಂಡ ಅಮ್ಮ ಅವನ ಅಂಗಿ ಎತ್ತಿದರು. ಎದೆಯಿಂದ ಸೊಂಟದವರೆಗೆ ಪಿತ್ತಗಂದೆ ಎದ್ದಿತ್ತು. ಐದೇ ನಿಮಿಷದಲ್ಲಿ ವಾಂತಿ, ಅತ್ತರೆ ದನಿ ಗೊಗ್ಗರು. ಆಸ್ಪತ್ರೆಯಲ್ಲಿ ತೊಡೆಗೆ ಒಂದು ಇಂಜೆಕ್ಷನ್ ಕೊಟ್ಟ ಮೇಲೆ ಉಸಿರು ಸಲೀಸಾಯಿತು.

ಕಚ್ಚಿದ ಕೂಡಲೇ

ಮೊದಲು ಮಗುವನ್ನು ಅಲ್ಲಿಂದ ದೂರ ತನ್ನಿ. ಜೇನು ಕಚ್ಚಿದ ಜಾಗದಿಂದ ಬಾಳೆಹಣ್ಣಿನಂಥ ವಾಸನೆ ಬರುತ್ತದೆ, ಅದು ಉಳಿದ ಹುಳಗಳನ್ನು ಕರೆಯುತ್ತದೆ. ಆಮೇಲೆ ಮುಳ್ಳು ನೋಡಿ. ಕಣಜ ಮುಳ್ಳು ಬಿಡುವುದಿಲ್ಲ. ಜೇನು ಮಾತ್ರ ವಿಷದ ಚೀಲದ ಸಮೇತ ಬಿಟ್ಟು ಹೋಗುತ್ತದೆ, ಆ ಪುಟ್ಟ ಚೀಲ ಮಿಡಿಯುತ್ತಾ ವಿಷ ಇಳಿಸುತ್ತಲೇ ಇರುತ್ತದೆ. ಚಿಮಟ ಹುಡುಕುತ್ತಾ ಕೂರಬೇಡಿ. ಉಗುರಿನಿಂದ ಕೆರೆದು ತೆಗೆದುಬಿಡಿ. ಹೇಗೆ ತೆಗೆದಿರಿ ಅನ್ನುವುದಕ್ಕಿಂತ ಎಷ್ಟು ಬೇಗ ತೆಗೆದಿರಿ ಅನ್ನುವುದೇ ಮುಖ್ಯ.

ಸೋಪು ನೀರಲ್ಲಿ ತೊಳೆದು, ಬಟ್ಟೆಯಲ್ಲಿ ಸುತ್ತಿದ ಐಸನ್ನು ಹತ್ತು ನಿಮಿಷ ಇಡಿ. ಸುಣ್ಣ, ಸೀಮೆಎಣ್ಣೆ ಹಚ್ಚಬೇಡಿ, ಎಳೆಯ ಚರ್ಮ ಸುಡುತ್ತದೆ.

ಬೆರಳಿಗೆ ಕಚ್ಚಿದರೆ ಇಡೀ ಕೈ ಊದಬಹುದು. ಊತ ಎರಡು ದಿನ ಜಾಸ್ತಿ ಆಗುತ್ತಲೇ ಹೋಗಬಹುದು. ನೋಡಿದರೆ ಹೆದರಿಕೆಯಾಗುತ್ತದೆ ನಿಜ, ಆದರೆ ಊತ ಕಚ್ಚಿದ ಕಡೆಯೇ ಇದ್ದು ಮಗು ಆಡಿಕೊಂಡಿದ್ದರೆ ಸಾಮಾನ್ಯವಾಗಿ ಅಪಾಯವಿಲ್ಲ. ಬಾಯೊಳಗೆ ಅಥವಾ ಗಂಟಲಿಗೆ ಕಚ್ಚಿದರೆ ಮಾತ್ರ ಕಾಯಬೇಡಿ. ಹೆಜ್ಜೇನು ಮುತ್ತಿ ಹಲವು ಕಡೆ ಕಚ್ಚಿದ್ದರೆ ಅಲರ್ಜಿ ಇಲ್ಲದ ಮಗುವಿಗೂ ವಿಷ ಹೆಚ್ಚಾಗಬಹುದು. ಆಗಲೂ ನೇರ ಆಸ್ಪತ್ರೆಗೇ ಹೋಗಿ.

ಕಚ್ಚದ ಕಡೆ ಕಣ್ಣಿಡಿ

ಮುಖ್ಯ ವಿಷಯ ಇದು. ಕಚ್ಚಿದ ಜಾಗ ಬಿಟ್ಟು ಬೇರೆ ಕಡೆ ಏನಾಗುತ್ತಿದೆ ಅಂತ ನೋಡುತ್ತಿರಿ. ತೀವ್ರ ಅಲರ್ಜಿ ಹೆಚ್ಚಾಗಿ ಮೊದಲ ಅರ್ಧ ಗಂಟೆಯಲ್ಲೇ ಶುರುವಾಗುತ್ತದೆ. ಮೈತುಂಬ ಗಂದೆ, ತುಟಿ ಅಥವಾ ನಾಲಿಗೆ ಊತ, ಗೊಗ್ಗರು ದನಿ, ಕೆಮ್ಮು, ಸುಂಯ್ ಅನ್ನುವ ಉಸಿರು, ಮತ್ತೆ ಮತ್ತೆ ವಾಂತಿ. ಚಿಕ್ಕ ಮಕ್ಕಳಿಗೆ ಹೇಳಲು ಬರುವುದಿಲ್ಲ, ಅಲ್ವಾ? ಅಳುತ್ತಿದ್ದ ಮಗು ಇದ್ದಕ್ಕಿದ್ದಂತೆ ಸುಮ್ನೆ ಜೋಲು ಬಿದ್ದರೆ ನಿದ್ದೆ ಬಂತು ಅಂದುಕೊಳ್ಳಬೇಡಿ.

ಇವು ಕಂಡರೆ ತಕ್ಷಣ 108ಕ್ಕೆ ಫೋನ್ ಮಾಡಿ. ಮನೆ ಹತ್ತಿರ ರೇಂಜ್ ಎಲ್ಲಿ ಸಿಗುತ್ತದೆ ಅಂತ ಮನೆಯವರೆಲ್ಲರಿಗೂ ಗೊತ್ತಿರಲಿ. ಆಂಬುಲೆನ್ಸ್ ತಡವಾಗುತ್ತದೆ ಅನಿಸಿದರೆ ಸಿಕ್ಕ ವಾಹನದಲ್ಲಿ ಹೊರಡಿ. ಮಗುವನ್ನು ಹೆಗಲಿಗೆ ಹಾಕಿಕೊಂಡು ಬೈಕಿನಲ್ಲಿ ಓಡುವುದು ಬೇಡ, ರಕ್ತದೊತ್ತಡ ಇಳಿದ ಮಗುವನ್ನು ನೆಟ್ಟಗೆ ಎತ್ತಿ ಹಿಡಿಯುವುದೇ ಅಪಾಯ. ಕಾರಿನಲ್ಲಿ ತೊಡೆಯ ಮೇಲೆ ಅಂಗಾತ ಮಲಗಿಸಿ. ವಾಂತಿಯಾಗುತ್ತಿದ್ದರೆ ಪಕ್ಕಕ್ಕೆ ಹೊರಳಿಸಿ. ಉಸಿರಾಟಕ್ಕೆ ಕಷ್ಟವಾದರೆ ಮಾತ್ರ ಕಾಲು ಚಾಚಿ ಕೂರಿಸಿ. ಕುಡಿಯಲು ಏನೂ ಕೊಡಬೇಡಿ.

ಆಗ ಬೇಕಾಗುವ ಔಷಧಿ ಅಡ್ರಿನಲಿನ್. ಅದನ್ನು ತೊಡೆಯ ಹೊರಭಾಗದ ಮಾಂಸಖಂಡಕ್ಕೆ ಕೊಡುತ್ತಾರೆ. ಅಲರ್ಜಿಯ ಸಿರಪ್ ತುರಿಕೆ ಇಳಿಸುತ್ತದೆ, ಕಟ್ಟಿದ ಉಸಿರನ್ನು ಬಿಡಿಸುವುದಿಲ್ಲ. ಆದ್ದರಿಂದ ಸಿರಪ್ ಕುಡಿಸಿ ನೋಡೋಣ ಅಂತ ಕಾಯಬೇಡಿ. ಘಟ್ಟ ಇಳಿದು ದೊಡ್ಡ ಆಸ್ಪತ್ರೆಗೆ ಹೋಗುವ ಯೋಚನೆ ಆಮೇಲಿನದು. ಮೊದಲು ಅಡ್ರಿನಲಿನ್ ಕೊಡಬಲ್ಲ ಹತ್ತಿರದ ಜಾಗಕ್ಕೆ ಹೋಗಿ. ಲಸಿಕೆ ಹಾಕುವ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಸಾಮಾನ್ಯವಾಗಿ ಇದನ್ನು ಇಟ್ಟಿರುತ್ತಾರೆ. ದಾರಿಯಲ್ಲೇ ಫೋನ್ ಮಾಡಿ ಹೇಳಿಬಿಡಿ.

ಗುಣವಾದಂತೆ ಕಂಡರೂ ಕೂಡಲೇ ಮನೆಗೆ ಹೊರಡಬೇಡಿ. ಕೆಲವು ಗಂಟೆ ಬಿಟ್ಟು ಅದೇ ತೊಂದರೆ ಮರುಕಳಿಸುವುದುಂಟು. ವೈದ್ಯರು ಇರಿ ಅಂದಷ್ಟು ಹೊತ್ತು ಇರಿ. ಹೊರಡುವ ಮುಂಚೆ ಯಾವ ಹುಳ, ಏನಾಯಿತು, ಯಾವ ಔಷಧಿ ಕೊಟ್ಟರು ಅಂತ ಬರೆಸಿಕೊಳ್ಳಿ. ತಂಗಿ ಆ ಚೀಟಿಯ ಒಂದು ಪ್ರತಿಯನ್ನು ಅಂಗನವಾಡಿ ಅಕ್ಕೋರಿಗೂ ಕೊಟ್ಟಿದ್ದಾಳೆ. ಜೇನು ಪೆಟ್ಟಿಗೆಗಳು ಈಗ ತೋಟದ ಆಚೆ ತುದಿಯಲ್ಲಿವೆ.