ಲೊಂಗೊನೊಟ್: ಅಂಚು ಮುಟ್ಟಿದ ಮೇಲೆ ಶುರುವಾಗುವ ಚಾರಣ

ಕೀನ್ಯಾದ ಲೊಂಗೊನೊಟ್ ಜ್ವಾಲಾಮುಖಿಗೆ ಹೋಗುವ ಬಹಳಷ್ಟು ಜನ ಬಾಯಿಯ ಅಂಚಿನವರೆಗೆ ಹತ್ತಿ, ಫೋಟೊ ತೆಗೆದುಕೊಂಡು ಅಲ್ಲಿಂದಲೇ ಇಳಿದುಬಿಡುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಪಾರ್ಕಿನ ಗೇಟಿನಿಂದ ಅಂಚಿಗೆ ಸುಮಾರು 3 ಕಿ.ಮೀ. ಅಂಚಿನ ಮೇಲಿನ ಸುತ್ತು 7.2 ಕಿ.ಮೀ. ಅಂದ್ರೆ ವಾಪಸ್ ಇಳಿಯುವುದೂ ಸೇರಿದರೆ, ಅಂಚಿಗೆ ಬಂದಾಗ ಕಾಲುಭಾಗವೂ ಆಗಿರುವುದಿಲ್ಲ, ನಿಜವಾದ ಸೊಗಸೆಲ್ಲ ಮುಂದಿದೆ.

ಹಿಂದಿನ ರಾತ್ರಿ ಹತ್ತಿರದ ನೈವಾಶಾ ಊರಿನಲ್ಲಿ ಉಳಿದುಕೊಂಡು, ಬೆಳಿಗ್ಗೆ ಗೇಟು ತೆಗೆಯುತ್ತಲೇ ಒಳಗೆ ಹೋದೆ. ಟಿಕೆಟ್ ಮೊದಲೇ ಆನ್‌ಲೈನಲ್ಲಿ ಮಾಡಿಸಿದ್ದೆ, ಅಲ್ಲಿನ ಪಾರ್ಕುಗಳಲ್ಲಿ ನಗದು ತೆಗೆದುಕೊಳ್ಳುವುದಿಲ್ಲ. ಬೇಗ ಹೊರಡಲೇಬೇಕು. ಸಮಭಾಜಕ ವೃತ್ತ ಅಲ್ಲಿಗೆ ಹತ್ತಿರ, ಮೇಲೆ ನೆರಳೂ ಇಲ್ಲ, ನೀರೂ ಸಿಗುವುದಿಲ್ಲ. ನೀರನ್ನು ಮೊದಲೇ ಎರಡು ಪಾಲು ಮಾಡಿದ್ದೆ. ಸಣ್ಣ ಪಾಲು ಹತ್ತಲು, ದೊಡ್ಡದು ಸುತ್ತಿಗೆ.

ದಾರಿಯೆಲ್ಲ ಬೂದಿಮಣ್ಣು. ಹಿಟ್ಟಿನಷ್ಟು ನುಣುಪು. ಮಳೆನೀರು ಕೊರೆದ ಕಡೆ ದಾರಿ ಆಳಕ್ಕೆ ಇಳಿದಿದೆ, ಎರಡೂ ಪಕ್ಕ ಮಣ್ಣಿನ ಗೋಡೆ. ಕಾಲಿಟ್ಟ ತಕ್ಷಣ ಭಾರ ಹಾಕಿದರೆ ಹಿಂದಕ್ಕೆ ಜಾರುತ್ತದೆ. ಪಾದವನ್ನು ಅಡ್ಡಕ್ಕೆ ಇಟ್ಟು, ಒತ್ತಿ ನೋಡಿ, ಆಮೇಲೆ ಭಾರ ಹಾಕುತ್ತಾ ಹತ್ತಿದೆ. ನಿಧಾನ ನಿಜ, ಆದರೆ ಉಸಿರು ಉಳಿಯುತ್ತದೆ. ಗೇಟೇ 2,000 ಮೀಟರಿಗಿಂತ ಎತ್ತರದಲ್ಲಿದೆ, ಸುಮ್ನೆ ಅವಸರ ಮಾಡಿದರೆ ಎದೆ ಹಿಡಿದಂತಾಗುತ್ತದೆ. ದಾರಿ ಪಕ್ಕದ ಬೂದುಬಣ್ಣದ ಪೊದೆಗೆ ಅಲ್ಲಿನವರು ಲೆಲೆಶ್ವಾ ಅಂತಾರೆ. ಎಲೆ ಉಜ್ಜಿ ಮೂಗಿಗೆ ಹಿಡಿದೆ, ಕರ್ಪೂರದ ವಾಸನೆ ಘಮ್ ಅಂತು.

ಅಂಚಿಗೆ ಬಂದು ಒಳಗೆ ನೋಡಿದರೆ ಸುತ್ತಲೂ ಕಡಿದಾದ ಗೋಡೆ, ತಳದಲ್ಲಿ ದಟ್ಟ ಕಾಡು. ಗೋಡೆಯಲ್ಲಿ ಅಲ್ಲಲ್ಲಿ ಹಬೆ ಏಳುತ್ತಿತ್ತು. ಕೊನೆಯ ಸಲ ಇದು ಸಿಡಿದದ್ದು 1860ರ ದಶಕದಲ್ಲಿ ಇರಬೇಕು ಅಂತಾರೆ. ಹಾಗಂತ ಸತ್ತುಹೋಗಿಲ್ಲ. 2004ರಿಂದ 2006ರ ನಡುವೆ ಬೆಟ್ಟ ಸುಮಾರು 9 ಸೆಂ.ಮೀ. ಉಬ್ಬಿದ್ದನ್ನು ಉಪಗ್ರಹಗಳು ಅಳೆದಿವೆ. ಕಾಲ ಕೆಳಗೇ ಇಷ್ಟೆಲ್ಲ ನಡೆಯುತ್ತಿದೆ ಅಂತ ಗೊತ್ತಿದ್ದು ಆ ಹಬೆ ನೋಡುವ ಖುಷಿಯೇ ಬೇರೆ ಅಲ್ವಾ?

ಸುತ್ತಿನ ದಾರಿ ಒಂದೇ ಸಮ ಇಲ್ಲ. ಏರು, ಇಳಿಜಾರು, ಮತ್ತೆ ಏರು. ಕೆಲವು ಕಡೆ ಒಬ್ಬರು ಮಾತ್ರ ನಡೆಯುವಷ್ಟು ಜಾಗ, ಗಾಳಿ ಬೀಸಿದಾಗ ನಿಂತುಬಿಡುವುದೇ ಒಳ್ಳೆಯದು. ಅತಿ ಎತ್ತರದ ಜಾಗ ಕಿಲೆಲೆ, 2,776 ಮೀಟರ್. ಅದರ ಕೆಳಗಿನ ಏರಿನಲ್ಲಿ ಕೆಲವು ಕಡೆ ಕೈಯನ್ನೂ ಊರಿದೆ.

ನೈವಾಶಾ ಸರೋವರ ಪೂರ್ತಿ ಕಣ್ಣಿಗೆ ಬೀಳುವುದು ಮೇಲಿನಿಂದಲೇ. ದಡದ ಸುತ್ತ ಹೂವಿನ ತೋಟಗಳ ಬಿಳಿ ಪಾಲಿಹೌಸುಗಳು. ಭೂಮಿ ಸೀಳಿ ಆದ ಇಲ್ಲಿನ ಉದ್ದನೆಯ ಕಣಿವೆ ರಿಫ್ಟ್ ವ್ಯಾಲಿಯಲ್ಲಿ ನಕುರು, ಎಲ್ಮೆಂಟೈಟಾದಂಥ ಸರೋವರಗಳ ನೀರು ಕ್ಷಾರ, ಇದರದ್ದು ಸಿಹಿ. ಹೊರಗೆ ಹರಿಯುವ ನದಿ ಒಂದೂ ಇಲ್ಲ, ನೀರಿನ ಒಂದು ಪಾಲು ನೆಲದೊಳಗೆ ಇಂಗಿ ಹೋಗುತ್ತದೆ. ಹತ್ತಿರದ ಒಲ್ಕಾರಿಯಾದಲ್ಲಿ ಭೂಮಿಯ ಬಿಸಿಯಿಂದ 1981ರಿಂದ ಕರೆಂಟು ತೆಗೆಯುತ್ತಿದ್ದಾರೆ.

ಇಳಿಯುವಾಗ ಆತುರ ಬೇಡ. ಮಂಡಿ ಸ್ವಲ್ಪ ಬಗ್ಗಿಸಿ, ಹಿಮ್ಮಡಿ ಊರಿ, ಸಣ್ಣ ಹೆಜ್ಜೆ ಹಾಕಿದೆ. ಬೂದಿ ಶೂ ಒಳಗೆ ಸೇರದಂತೆ ಕಾಲಿಗೆ ಗೇಟರ್ (ಶೂ ಬಾಯಿ ಮುಚ್ಚುವ ಬಟ್ಟೆಯ ಕವಚ) ಕಟ್ಟಿಕೊಂಡಿದ್ದು ತುಂಬ ಉಪಯೋಗಕ್ಕೆ ಬಂತು. ಮೂಗಿಗೆ ಒಂದು ಬಟ್ಟೆಯೂ ಇರಲಿ, ಮುಂದೆ ಇಳಿಯುವವರ ಧೂಳೆಲ್ಲ ಹಿಂದಿನವರಿಗೇ ಬರುತ್ತದೆ.