ವಿಧಾನಸೌಧವನ್ನು ಒಳಗೆ ಹೋಗಿ ನೋಡುವುದು ಹೇಗೆ?

ಬೆಂಗಳೂರಿಗೆ ಬಂದವರು ವಿಧಾನಸೌಧದ ಮುಂದೆ ಒಂದು ಫೋಟೋ ತೆಗೆಸಿಕೊಳ್ಳದೆ ಊರಿಗೆ ಹೋಗುವುದು ಕಡಿಮೆ. ಆದರೆ ಒಳಗೆ ಹೋಗಿ ನೋಡಿದವರು ಎಷ್ಟು ಜನ? ಕೆಲಸ ಇದ್ದವರು ಪಾಸ್ ಮಾಡಿಸಿಕೊಂಡು ಹೋಗುತ್ತಿದ್ದರು. ಸುಮ್ನೆ ನೋಡಬೇಕು ಅನ್ನುವವರು ಕಂಬಿಬೇಲಿಯ ಆಚೆಯೇ ನಿಲ್ಲಬೇಕಿತ್ತು. 2025ರ ಜೂನ್‌ನಿಂದ ಪ್ರವಾಸೋದ್ಯಮ ಇಲಾಖೆಯವರು ಮಾರ್ಗದರ್ಶಿಯ ಜೊತೆ ಒಳಗೆ ಕರೆದುಕೊಂಡು ಹೋಗಿ ತೋರಿಸುತ್ತಿದ್ದಾರೆ. ತುರುವೇಕೆರೆಯಿಂದ ಬಂದಿದ್ದ ನಮ್ಮ ಅಪ್ಪನನ್ನು ಕರೆದುಕೊಂಡು ನಾನೂ ಹೋಗಿಬಂದೆ. ಹೋಗುವ ಮನಸ್ಸಿದ್ದವರು ಏನೇನು ಮಾಡಬೇಕು ಎಂದು ಇಲ್ಲಿ ಹೇಳುತ್ತೇನೆ.

ಮೊದಲು ಟಿಕೆಟ್

ಪ್ರವಾಸ ಇರುವುದು ಭಾನುವಾರಗಳಂದು, ಜೊತೆಗೆ ತಿಂಗಳ ಎರಡನೇ ಮತ್ತು ನಾಲ್ಕನೇ ಶನಿವಾರ. ಅಂದರೆ ಸರ್ಕಾರಿ ಕಚೇರಿಗಳಿಗೆ ರಜೆ ಇರುವ ದಿನಗಳಲ್ಲಿ. ಟಿಕೆಟ್ಟನ್ನು ಕರ್ನಾಟಕ ರಾಜ್ಯ ಪ್ರವಾಸೋದ್ಯಮ ಅಭಿವೃದ್ಧಿ ನಿಗಮದ ವೆಬ್‌ಸೈಟಿನಲ್ಲಿ ಮೊದಲೇ ಮಾಡಿಸಿಕೊಳ್ಳಬೇಕು. ಗೇಟಿನ ಹತ್ತಿರ ಹೋಗಿ ಕೊಳ್ಳೋಣ ಅಂದುಕೊಳ್ಳಬೇಡಿ. ಶುರುವಾದಾಗ ದೊಡ್ಡವರಿಗೆ 50 ರೂಪಾಯಿ ಇಟ್ಟಿದ್ದರು, ಚಿಕ್ಕ ಮಕ್ಕಳಿಗೆ ಉಚಿತ. ಒಂದು ತಂಡದಲ್ಲಿ ಸುಮಾರು 30 ಜನ ಅಷ್ಟೇ. ಆದ್ದರಿಂದ ಊರಿಂದ ನೆಂಟರು ಬರುವ ದಿನ ಗೊತ್ತಾದ ಕೂಡಲೇ ಟಿಕೆಟ್ ಮಾಡಿಸಿಬಿಡಿ. ನನ್ನ ಕೇಳಿದರೆ ಬೆಳಗಿನ ತಂಡವೇ ಒಳ್ಳೆಯದು. ಯಾಕೆ ಅಂತ ಮುಂದೆ ಹೇಳುತ್ತೇನೆ.

ಮನೆಯಿಂದ ಹೊರಡುವ ಮುಂಚೆ ಎಲ್ಲರ ಗುರುತಿನ ಚೀಟಿ ಚೀಲದಲ್ಲಿದೆಯೇ ನೋಡಿಕೊಳ್ಳಿ. ಮಕ್ಕಳದ್ದೂ ಇರಲಿ. ಮೊಬೈಲಿನಲ್ಲಿ ಫೋಟೋ ಇದೆ ಎಂದು ನಂಬಿಕೊಂಡು ಹೋಗುವುದಕ್ಕಿಂತ ಮೂಲ ಕಾರ್ಡನ್ನೇ ಒಯ್ಯುವುದು ವಾಸಿ. ತಿಂಡಿ ಡಬ್ಬಿ, ದೊಡ್ಡ ಬ್ಯಾಗು ಬೇಡ. ಭದ್ರತಾ ತಪಾಸಣೆ ಇರುತ್ತದೆ, ಅದಕ್ಕೇ ಅರ್ಧ ಗಂಟೆ ಮುಂಚೆ ಅಲ್ಲಿರಿ.

ಹೋಗುವ ದಾರಿ

ಮೆಟ್ರೋದಷ್ಟು ಸುಲಭದ ದಾರಿ ಇನ್ನೊಂದಿಲ್ಲ. ಮೆಜೆಸ್ಟಿಕ್‌ನಲ್ಲಿ ನೇರಳೆ ಮಾರ್ಗ ಹಿಡಿದರೆ ಎರಡನೇ ನಿಲ್ದಾಣವೇ ಡಾ. ಬಿ.ಆರ್. ಅಂಬೇಡ್ಕರ್ ನಿಲ್ದಾಣ, ವಿಧಾನಸೌಧ. ಟಿಕೆಟ್ಟಿನಲ್ಲಿ ಯಾವ ಗೇಟು ಎಂದು ಹೇಳಿದ್ದಾರೋ ಅದನ್ನು ಮೊದಲೇ ನೋಡಿಟ್ಟುಕೊಳ್ಳಿ. ಕಟ್ಟಡ 700 ಅಡಿ ಉದ್ದ, 350 ಅಡಿ ಅಗಲ. ತಪ್ಪು ಗೇಟಿಗೆ ಹೋದರೆ ವಯಸ್ಸಾದವರಿಗೆ ಸುತ್ತಿಬರುವುದು ಕಷ್ಟ. ಒಳಗೂ ಒಂದೂವರೆ ಗಂಟೆಯಷ್ಟು ನಡೆಯುವುದು, ನಿಲ್ಲುವುದು ಇದೆ. ಕಾಲಿಗೆ ಹಿತವಾದ ಚಪ್ಪಲಿ ಹಾಕಿಕೊಳ್ಳಿ.

ಒಳಗೆ ಹೋಗುವ ಮುಂಚೆ ಮುಂದೆ ನಿಂತು ನೋಡಿ

ಇದನ್ನು ಮಾತ್ರ ಬಿಡಬೇಡಿ. ವಿಧಾನಸೌಧದ ಮುಖ ಪೂರ್ವಕ್ಕಿದೆ. ಬೆಳಗಿನ ಬಿಸಿಲು ನೇರ ಅದರ ಮೇಲೆ ಬೀಳುತ್ತದೆ, ಕೆತ್ತನೆಯ ಒಂದೊಂದು ಗೆರೆಯೂ ಎದ್ದು ಕಾಣುತ್ತದೆ. ಮಧ್ಯಾಹ್ನ ಕಳೆದರೆ ಮುಂಭಾಗ ನೆರಳಿಗೆ ಹೋಗುತ್ತದೆ. ಬೆಳಗಿನ ತಂಡ ಒಳ್ಳೆಯದು ಎಂದಿದ್ದು ಇದಕ್ಕೇ.

ಮೊದಲು ಮೆಟ್ಟಿಲು ನೋಡಿ. 45 ಮೆಟ್ಟಿಲು, ಅಗಲ 200 ಅಡಿಗೂ ಜಾಸ್ತಿ. 2018ರಲ್ಲಿ ಎಚ್.ಡಿ. ಕುಮಾರಸ್ವಾಮಿ ಮುಖ್ಯಮಂತ್ರಿಯಾಗಿ ಪ್ರಮಾಣವಚನ ತೆಗೆದುಕೊಂಡದ್ದು ಇಲ್ಲೇ. ಅದರ ಮೇಲೆ ಸಾಲಾಗಿ 12 ಕಂಬಗಳು, ಒಂದೊಂದೂ 40 ಅಡಿ ಎತ್ತರ. ಕಂಬಗಳ ಮೇಲೆ ‘ಸರ್ಕಾರದ ಕೆಲಸ ದೇವರ ಕೆಲಸ’ ಎಂಬ ಬರಹ. ಇನ್ನೂ ಮೇಲೆ 60 ಅಡಿ ವ್ಯಾಸದ ಗೋಪುರ, ಅದರ ತಲೆಯ ಮೇಲೆ ಸಿಂಹಲಾಂಛನ.

ಇದಿಷ್ಟೂ ಮೊದಲ ನಕ್ಷೆಯಲ್ಲಿ ಇರಲಿಲ್ಲ. 1951ರ ಜುಲೈ 13ರಂದು ಜವಾಹರಲಾಲ್ ನೆಹರೂ ಅಡಿಗಲ್ಲು ಇಟ್ಟಾಗ ಯೋಚನೆಯಲ್ಲಿದ್ದದ್ದು ಇನ್ನೂ ಸರಳವಾದ ಕಟ್ಟಡ. ಆಗ ಕೆ.ಸಿ. ರೆಡ್ಡಿ ಮುಖ್ಯಮಂತ್ರಿ. ಮರುವರ್ಷ ಕೆಂಗಲ್ ಹನುಮಂತಯ್ಯ ಬಂದರು, ನಕ್ಷೆಯನ್ನೇ ಬದಲಾಯಿಸಿದರು. ಹೊರದೇಶದಿಂದ ಬಂದ ಅತಿಥಿಗಳು ‘ನಿಮ್ಮ ಊರಲ್ಲಿ ನಿಮ್ಮದೇ ಶೈಲಿಯ ಕಟ್ಟಡ ಇಲ್ಲವೇ?’ ಎಂದು ಕೇಳಿದ್ದು ಅವರ ಮನಸ್ಸಿಗೆ ನಾಟಿತು ಎಂದು ಹೇಳುತ್ತಾರೆ. ಮುಖ್ಯ ವಾಸ್ತುಶಿಲ್ಪಿ ಬಿ.ಆರ್. ಮಾಣಿಕ್ಯಂ. ನಮ್ಮ ದೇವಸ್ಥಾನಗಳ ಕಂಬ, ಕಂಬದ ತಲೆಯ ಮೇಲಿನ ಬೋದಿಗೆ, ಕಮಾನು, ಗೋಪುರಗಳೆಲ್ಲ ಒಂದು ಸರ್ಕಾರಿ ಕಚೇರಿಗೆ ಬಂದದ್ದು ಹೀಗೆ. 1956ರಲ್ಲಿ ಕೆಲಸ ಮುಗಿಯುವ ಹೊತ್ತಿಗೆ ಎರಡು ಕೋಟಿಗೆ ಸ್ವಲ್ಪ ಕಡಿಮೆ ಖರ್ಚಾಗಿತ್ತು. ದುಂದು ಎಂದು ಬೈದವರೂ ಬೇಕಾದಷ್ಟು ಜನ. ಅದೇ ವರ್ಷದ ನವೆಂಬರ್ 1ಕ್ಕೆ ಕನ್ನಡ ನಾಡು ಒಂದಾಯಿತು. ಹಳೇ ಮೈಸೂರಿಗೆಂದು ಶುರುವಾದ ಮನೆ ಬೀದರಿನವರಿಗೂ ಮಂಗಳೂರಿನವರಿಗೂ ಮನೆಯಾಯಿತು.

ಕಲ್ಲಿನ ಹತ್ತಿರ ಹೋಗಿ

ದೂರದಿಂದ ನೋಡಿದರೆ ಎಲ್ಲವೂ ಒಂದೇ ಬಣ್ಣ. ಹತ್ತಿರ ಹೋದಾಗಲೇ ವ್ಯತ್ಯಾಸ ತಿಳಿಯುವುದು. ಬೂದು ಬಣ್ಣದ ಗ್ರಾನೈಟ್ ಬಂದದ್ದು ಬೆಂಗಳೂರಿನ ಸುತ್ತಮುತ್ತ, ಮಲ್ಲಸಂದ್ರ ಮತ್ತು ಹೆಸರಘಟ್ಟದ ಕಡೆಯಿಂದ. ನಸುಗೆಂಪು ಕಲ್ಲು ಮಾಗಡಿಯದು. ಅಲಂಕಾರಕ್ಕೆ ಬಳಸಿದ ಕಪ್ಪು ಕಲ್ಲು ತುರುವೇಕೆರೆಯದು. ಮಾರ್ಗದರ್ಶಿ ತುರುವೇಕೆರೆ ಹೆಸರು ಹೇಳಿದ್ದೇ ತಡ, ಅಪ್ಪ ಸುಮ್ಮನಾದರು. ಪಕ್ಕದಲ್ಲಿದ್ದ ಕಪ್ಪು ಕಲ್ಲಿನ ಹತ್ತಿರ ಹೋಗಿ ಅಂಗೈ ಊರಿದರು. ಬೆರಳಲ್ಲಿ ಅದರ ಅಂಚನ್ನು ಸವರಿದರು. “ಗಂಗಾಧರೇಶ್ವರನ ಗುಡಿ ನಂದಿ ಹಿಂಗೇ ನುಣ್ಣಗಿದೆ ಕಣಮ್ಮ. ನಮ್ಮ ಕಡೆ ಕಲ್ಲು ಇದು” ಅಂದರು. ತಂಡ ಮುಂದೆ ಹೋದರೂ ಅವರು ಅಲ್ಲೇ ಇದ್ದರು.

ಆ ಕಲ್ಲನ್ನು ಕಡಿದವರು ಯಾರು ಅಂತಲೂ ಮಾರ್ಗದರ್ಶಿಯನ್ನು ಕೇಳಿ. ಸುಮಾರು 5000 ಜನ ಇಲ್ಲಿ ದುಡಿದರು, ಅವರಲ್ಲಿ ಹೆಚ್ಚಿನವರು ಜೈಲಿನ ಕೈದಿಗಳು. ಅವರ ಜೊತೆ 1500ರಷ್ಟು ಕಲ್ಲುಕುಟಿಗರು, ಗಾರೆಯವರು, ಮರಗೆತ್ತನೆಯವರು. ಕೆಲಸ ಮುಗಿದ ಮೇಲೆ ಕೈದಿಗಳನ್ನು ಬಿಡುಗಡೆ ಮಾಡಿದರು. ಅಷ್ಟು ದೊಡ್ಡ ಕಟ್ಟಡದಲ್ಲಿ ನನಗೆ ಎಲ್ಲಕ್ಕಿಂತ ಹೆಚ್ಚು ಮನಸ್ಸಿಗೆ ಹತ್ತಿರವಾದದ್ದು ಇದೇ ಸಂಗತಿ.

ಒಳಗೆ

ತಂಡದ ಜೊತೆಗೇ ಇರಿ, ಗುಂಪು ಬಿಟ್ಟು ಬೇರೆ ಕಡೆ ತಿರುಗಬೇಡಿ. ಫೋಟೋ ತೆಗೆಯುವ ಮುಂಚೆ ಒಂದು ಮಾತು ಕೇಳಿ. ಮಾರ್ಗದರ್ಶಿ ಇಂಗ್ಲಿಷಿನಲ್ಲಿ ಶುರುಮಾಡಿದರೆ ಕನ್ನಡದಲ್ಲಿ ಹೇಳಿ ಎಂದು ಕೇಳಲು ಸಂಕೋಚ ಬೇಡ. ವಿಧಾನಸಭೆಯಲ್ಲಿ 224 ಶಾಸಕರು, ವಿಧಾನ ಪರಿಷತ್ತಿನಲ್ಲಿ 75 ಸದಸ್ಯರು. ಮಕ್ಕಳು ಜೊತೆಗಿದ್ದರೆ ನಮ್ಮ ಕ್ಷೇತ್ರದ ಶಾಸಕರು ಯಾರು ಎಂದು ಮನೆಯಲ್ಲೇ ಹೇಳಿಕೊಟ್ಟು ಕರೆತನ್ನಿ, ಆಗ ನೋಡುವುದರಲ್ಲಿ ಅವರಿಗೂ ಆಸೆ ಹುಟ್ಟುತ್ತದೆ. ಸಚಿವ ಸಂಪುಟದ ಸಭೆ ನಡೆಯುವ ಕೋಣೆಗೆ ಶ್ರೀಗಂಧದ ಕೆತ್ತನೆಯ ಬಾಗಿಲಿದೆ. ಅದನ್ನು ನೋಡಲು ಆಗುತ್ತದೆಯೇ ಎಂದು ಕೇಳಿ ನೋಡಿ.

ಸದನ ನಡೆಯುವುದನ್ನೇ ನೋಡಬೇಕು ಅನ್ನುವವರು ಬೇರೆ ದಾರಿ ಹಿಡಿಯಬೇಕು. ಅಧಿವೇಶನದ ದಿನಗಳಲ್ಲಿ ಸಾರ್ವಜನಿಕರ ಗ್ಯಾಲರಿಗೆ ಪಾಸ್ ಬೇಕು. ನಿಮ್ಮ ಶಾಸಕರ ಕಚೇರಿಯಲ್ಲಿ ಮೊದಲೇ ವಿಚಾರಿಸಿ.

ಹೊರಗೆ ಬಂದ ಮೇಲೆ

ವಿಧಾನಸೌಧಕ್ಕೂ ಪಕ್ಕದ ವಿಕಾಸಸೌಧಕ್ಕೂ ನಡುವೆ ಧ್ಯಾನಕ್ಕೆ ಕುಳಿತ ಗಾಂಧಿ ಪ್ರತಿಮೆ ಇದೆ. 2025ರ ಜನವರಿಯಲ್ಲಿ ಅನಾವರಣವಾದ ಭುವನೇಶ್ವರಿಯ ಕಂಚಿನ ಪ್ರತಿಮೆಯನ್ನೂ ನೋಡಿಕೊಳ್ಳಿ. ಆಮೇಲೆ ಅಂಬೇಡ್ಕರ್ ಬೀದಿಯಲ್ಲಿ ನಿಂತು ಎದುರಿಗೆ ತಿರುಗಿ. ಕೆಂಪು ಬಣ್ಣದ ಆ ಕಟ್ಟಡ ಅಠಾರಾ ಕಚೇರಿ, ಈಗಿನ ಹೈಕೋರ್ಟ್. 1860ರ ದಶಕದಲ್ಲಿ ಕಟ್ಟಿದ್ದು. ಅಠಾರಾ ಅಂದರೆ ಉರ್ದುವಿನಲ್ಲಿ ಹದಿನೆಂಟು, 18 ಇಲಾಖೆಗಳು ಇದ್ದದ್ದರಿಂದ ಆ ಹೆಸರು. ವಿಧಾನಸೌಧ ಆಗುವವರೆಗೆ ಸರ್ಕಾರ ನಡೆದದ್ದು ಅಲ್ಲಿಂದಲೇ. 1980ರ ದಶಕದಲ್ಲಿ ಅದನ್ನು ಕೆಡವುವ ಮಾತು ಬಂದಾಗ ಜನ ಬಿಡಲಿಲ್ಲ, ಹಾಗಾಗಿ ಉಳಿಯಿತು.

ಭಾನುವಾರ ಹೋಗಿದ್ದರೆ ಸಂಜೆಯವರೆಗೂ ಇದ್ದುಬಿಡಿ. ಕಬ್ಬನ್ ಪಾರ್ಕ್ ಪಕ್ಕದಲ್ಲೇ ಇದೆ, ಮರದ ಕೆಳಗೆ ಕಾಲು ಚಾಚಿ ಕೂರಬಹುದು. ಕತ್ತಲಾದ ಮೇಲೆ ವಿಧಾನಸೌಧಕ್ಕೆ ದೀಪ ಹಾಕುತ್ತಾರೆ. ನಾವು ಕಾದೆವು. ದೀಪ ಹತ್ತಿದಾಗ ಅಪ್ಪ ಗೋಪುರದ ಕಡೆ ನೋಡಲಿಲ್ಲ. ತಮ್ಮ ಕಪ್ಪು ಕಲ್ಲು ಇಲ್ಲಿಂದ ಎಲ್ಲಿ ಕಾಣುತ್ತದೆ ಎಂದು ಹುಡುಕುತ್ತಿದ್ದರು.