ಕಣ್ಣುಜ್ಜುವ ತನಕ ಕಾಯುತ್ತಿದ್ದೆ, ಅದೇ ನನ್ನ ತಪ್ಪು

ಮಗಳಿಗೆ ಮೂರು ತಿಂಗಳು ತುಂಬುವ ಹೊತ್ತಿಗೆ ಹೆಂಡತಿ ಕೆಲಸಕ್ಕೆ ವಾಪಸ್ ಹೋದಳು. ಹಗಲು ಮಗು ನನ್ನ ಪಾಲಿಗೆ ಬಂತು. ಮೊದಲ ವಾರವೆಲ್ಲ ಅವಳನ್ನು ಹೆಗಲ ಮೇಲೆ ಹಾಕಿಕೊಂಡು ಮನೆ ತುಂಬಾ ಓಡಾಡಿದ್ದೇ ಆಯಿತು. ನಿದ್ದೆ ಹತ್ತಿತು ಅಂದುಕೊಂಡು ಮೆಲ್ಲಗೆ ಕೆಳಗೆ ಮಲಗಿಸಿದರೆ, ಬೆನ್ನು ಹಾಸಿಗೆಗೆ ತಾಗುತ್ತಿದ್ದಂತೆ ಎರಡೂ ಕೈ ಅಗಲಿಸಿ ಬೆಚ್ಚಿ ಬೀಳುತ್ತಿದ್ದಳು. ಮತ್ತೆ ಅಳು, ಮತ್ತೆ ಹೆಗಲು.

ಚೆನ್ನಾಗಿ ದಣಿದರೆ ಚೆನ್ನಾಗಿ ಮಲಗುತ್ತಾಳೆ ಅಂತ ನಂಬಿದ್ದೆ. ದೊಡ್ಡವರಿಗೆ ಹಾಗೇ ಅಲ್ವಾ. ಎಳೆ ಮಕ್ಕಳದ್ದು ಉಲ್ಟಾ. ಹೊತ್ತು ಮೀರಿತೆಂದರೆ ರಚ್ಚೆ ಹಿಡಿಯುತ್ತವೆ, ನಿದ್ದೆ ಬೇಕಿದ್ದರೂ ಮಲಗಲು ಆಗುವುದಿಲ್ಲ.

ಒಂದು ನೋಟ್‌ಬುಕ್ ತೆಗೆದು ಅವಳು ಎದ್ದ ಹೊತ್ತು, ಮಲಗಿದ ಹೊತ್ತು ಎರಡನ್ನೇ ಬರೆಯುತ್ತಾ ಹೋದೆ. ನಾಲ್ಕು ದಿನದಲ್ಲಿ ವಿಷಯ ಕಣ್ಣಿಗೆ ಬಿತ್ತು. ಎದ್ದು ಒಂದೂವರೆ ಗಂಟೆ ದಾಟಿದ ಮೇಲೆ ಮಲಗಿಸಲು ಹೋದಾಗಲೆಲ್ಲ ಅರ್ಧ ಗಂಟೆ ಅಳು, ಅದಕ್ಕಿಂತ ಮುಂಚೆ ಹೋದಾಗ ಹತ್ತು ನಿಮಿಷ. ಆಮೇಲೆ ಗಡಿಯಾರ ಬಿಟ್ಟು ಅವಳ ಮುಖ ನೋಡಲು ಶುರು ಮಾಡಿದೆ. ಎದ್ದು ಒಂದು ಗಂಟೆ ಹತ್ತು ನಿಮಿಷದ ಸುಮಾರಿಗೆ ಆಟದ ಮಧ್ಯೆ ಅವಳ ನೋಟ ಎಲ್ಲೋ ಹೋಗುತ್ತಿತ್ತು. ಗಿಲಕಿ ಅಲ್ಲಾಡಿಸಿದರೂ ಈ ಕಡೆ ತಿರುಗದೆ ಗೋಡೆಯನ್ನೇ ದಿಟ್ಟಿಸುತ್ತಿದ್ದಳು. ಹುಬ್ಬಿನ ಸುತ್ತ ತೆಳುವಾಗಿ ಕೆಂಪಾಗುತ್ತಿತ್ತು. ಆಕಳಿಕೆ, ಕಣ್ಣುಜ್ಜುವುದು ಬರುವುದು ಅದಾದ ಮೇಲೆ. ನಾನು ಇಷ್ಟು ದಿನ ಕಣ್ಣುಜ್ಜಲಿ ಅಂತಲೇ ಕಾಯುತ್ತಿದ್ದೆ!

ಹುಬ್ಬು ಕೆಂಪಾಯಿತು ಅಂದರೆ ಪರದೆ ಎಳೆಯುವುದು, ಡೈಪರ್ ಬದಲಿಸುವುದು, ಪ್ರತಿಸಲ ಅದೇ ಎರಡು ಸಾಲು ಗುನುಗುವುದು, ಕಣ್ಣು ಪೂರ್ತಿ ಮುಚ್ಚುವ ಮುಂಚೆಯೇ ಹಾಸಿಗೆಗೆ ಹಾಕುವುದು. ಎದೆ ಮೇಲೆ ಅಂಗೈ ಇಟ್ಟು ಸುಮ್ನೆ ಕೂರುತ್ತಿದ್ದೆ. ಮೊದಲೆರಡು ದಿನ ನಡೆಯಲಿಲ್ಲ. ಜೋರಾಗಿ ಅತ್ತರೆ ಎತ್ತಿಕೊಂಡು ಸಮಾಧಾನ ಮಾಡಿ ಮತ್ತೆ ಮಲಗಿಸುತ್ತಿದ್ದೆ, ಅಷ್ಟು ಚಿಕ್ಕ ಮಗುವನ್ನು ಅಳಲು ಬಿಡುವುದು ನನಗೆ ಸರಿ ಕಾಣಲಿಲ್ಲ. ಐದನೇ ದಿನ ಮಧ್ಯಾಹ್ನ ಅಂಗೈ ಕೆಳಗೆ ಅವಳ ಉಸಿರು ನಿಧಾನವಾಗಿದ್ದು ಗೊತ್ತಾಯಿತು. ಮುಷ್ಟಿ ಒಂದೊಂದೇ ಬೆರಳು ಬಿಚ್ಚಿಕೊಂಡಿತು. ಕೈ ತೆಗೆದೆ, ಏಳಲಿಲ್ಲ. ಆ ಖುಷಿ ಹೇಳತೀರದು.

ರಾತ್ರಿಯ ತಪ್ಪು ಬೇರೆ. ಸ್ವಲ್ಪ ಮುಲುಗಿದರೂ ನಾನು ಎದ್ದು ಎತ್ತಿಕೊಳ್ಳುತ್ತಿದ್ದೆ. ಹುಟ್ಟಿದ ಹೊಸತರಲ್ಲಿ ಮಕ್ಕಳ ನಿದ್ದೆಯಲ್ಲಿ ಸುಮಾರು ಅರ್ಧದಷ್ಟು ಚಡಪಡಿಸುವ ನಿದ್ದೆಯೇ, ಕಣ್ಣು ಮುಚ್ಚಿಕೊಂಡೇ ಕೈಕಾಲು ಆಡಿಸುತ್ತವೆ, ಮುಖ ಕಿವುಚುತ್ತವೆ, ಸದ್ದು ಮಾಡುತ್ತವೆ. ತಿಂಗಳು ಕಳೆದಂತೆ ಅದು ಕಡಿಮೆಯಾಗುತ್ತದೆ, ಪೂರ್ತಿ ಹೋಗುವುದಿಲ್ಲ. ಅಂದರೆ ನಿದ್ದೆಯಲ್ಲಿದ್ದ ಮಗುವನ್ನು ಎಬ್ಬಿಸುತ್ತಿದ್ದವನು ನಾನೇ. ಅಂದಿನಿಂದ ಸದ್ದು ಕೇಳಿದರೆ ಮನಸ್ಸಿನಲ್ಲೇ ಅರವತ್ತು ಎಣಿಸುತ್ತೇನೆ. ಅರ್ಧಕ್ಕರ್ಧ ಸಲ ನಲವತ್ತಕ್ಕೇ ಸುಮ್ಮನಾಗುತ್ತಾಳೆ. ಹಸಿವಿನ ಅಳು ಬೇರೆ, ಅದು ಏರುತ್ತಲೇ ಹೋಗುತ್ತದೆ, ಅದಕ್ಕೆ ತಡ ಮಾಡುವುದಿಲ್ಲ. ಈ ವಯಸ್ಸಿನಲ್ಲಿ ರಾತ್ರಿ ಹಾಲು ಬೇಕೇ ಬೇಕು. ಆ ಹೊತ್ತಲ್ಲಿ ಮಂದ ಬೆಳಕು, ಮಾತಿಲ್ಲ. ಬೆಳಗಾದ ಕೂಡಲೇ ಕಿಟಕಿ ತೆರೆದು ಬೆಳಕಿಗೆ ತರುತ್ತೇವೆ. ಹಗಲು ರಾತ್ರಿಯ ಗುರುತು ದೇಹಕ್ಕೆ ಸಿಗುವುದೇ ಎರಡು ಮೂರು ತಿಂಗಳ ಹೊತ್ತಿಗೆ.

ಒಂದು ಘಟನೆ ಹೇಳಲೇಬೇಕು. ಸೋಫಾದಲ್ಲಿ ಅವಳನ್ನು ಎದೆ ಮೇಲೆ ಮಲಗಿಸಿಕೊಂಡೇ ನನಗೆ ಜೋಂಪು ಹತ್ತಿಬಿಟ್ಟಿತು. ಎಚ್ಚರಾದಾಗ ಅವಳು ನನ್ನ ತೋಳಿಗೂ ದಿಂಬಿಗೂ ಮಧ್ಯೆ ಜಾರಿದ್ದಳು. ಏನೂ ಆಗಿರಲಿಲ್ಲ, ಆದರೆ ಇಂಥ ಕಡೆ ಮಗುವಿಗೆ ಉಸಿರು ಕಟ್ಟಬಹುದು. ಈಗ ತೂಕಡಿಕೆ ಬಂದರೆ ಮೊದಲು ಅವಳನ್ನು ಅವಳ ಹಾಸಿಗೆಗೆ ಹಾಕುತ್ತೇನೆ, ಅಳಲಿ ಪರವಾಗಿಲ್ಲ. ಗಟ್ಟಿ, ಸಮತಟ್ಟಾದ ಹಾಸಿಗೆ, ಅಂಗಾತ, ನಮ್ಮ ಕೋಣೆಯಲ್ಲೇ. ದಿಂಬು, ಹೊದಿಕೆ, ಬೊಂಬೆ ಯಾವುದೂ ಇಲ್ಲ. ಅಮೆರಿಕದಲ್ಲಿ 1994ರಲ್ಲಿ ಅಂಗಾತ ಮಲಗಿಸಿ ಅಂತ ಪ್ರಚಾರ ಶುರುವಾದ ಮೇಲಿನ ವರ್ಷಗಳಲ್ಲಿ ನಿದ್ದೆಯಲ್ಲೇ ಮಗು ಹಠಾತ್ತನೆ ತೀರಿಕೊಳ್ಳುವ ಪ್ರಮಾಣ ಸುಮಾರು ಅರ್ಧಕ್ಕೆ ಇಳಿಯಿತು. ಇದರಲ್ಲಿ ರಾಜಿ ಬೇಡ.

ನಾಲ್ಕನೇ ತಿಂಗಳಲ್ಲಿ ಎಲ್ಲ ಮತ್ತೆ ಕೆಟ್ಟಿತು, ಎರಡು ವಾರ ರಾತ್ರಿ ಗಂಟೆಗೊಮ್ಮೆ ಏಳುತ್ತಿದ್ದಳು. ಆ ವಯಸ್ಸಿಗೆ ನಿದ್ದೆಯ ರೀತಿಯೇ ಬದಲಾಗುತ್ತದೆ. ಹೊಸದೇನೂ ಮಾಡಲಿಲ್ಲ, ಅದೇ ಪರದೆ, ಅದೇ ಎರಡು ಸಾಲು. ಹಗಲಿನ ನಿದ್ದೆಯಂತೂ ಐದು ತಿಂಗಳವರೆಗೂ ನಲವತ್ತೇ ನಿಮಿಷ, ಅದನ್ನು ಎಳೆಯಲು ಹೋಗಿ ನಾನು ಸುಮ್ನೆ ಜಾಸ್ತಿ ತಲೆ ಕೆಡಿಸಿಕೊಂಡೆ. ತಾನಾಗೇ ಉದ್ದವಾಯಿತು.

ಈಗ ಆರು ತಿಂಗಳು. ಹಗಲು ಮೂರು ಸಲ ಮಲಗುತ್ತಾಳೆ, ಒಟ್ಟು ಹದಿನಾಲ್ಕು ಗಂಟೆ ಆಗುತ್ತದೆ. ಸಂಜೆಯ ಚಿಕ್ಕ ನಿದ್ದೆ ಹೋದ ವಾರ ಬಿಟ್ಟಳು, ಹಾಗಾಗಿ ರಾತ್ರಿ ಅರ್ಧ ಗಂಟೆ ಬೇಗ ಪರದೆ ಎಳೆಯುತ್ತಿದ್ದೇವೆ.